ಮಂಡಿಯಲ್ಲಿ ಕೂಗಿದ ರೇಟು, ಕೈಗೆ ಬಂದ ಸಂಬಳ

ಕೋಲಾರದ ಟೊಮೆಟೊ ಮಂಡಿಗೆ ಮಾಲು ಹಾಕುವವರಿಗೆ ಒಂದು ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಹರಾಜಿನಲ್ಲಿ 15 ಕೆಜಿ ಬಾಕ್ಸಿಗೆ ಕೂಗಿದ ರೇಟು ಒಂದು. ಕಮಿಷನ್, ಹಮಾಲಿ, ಗಾಡಿ ಬಾಡಿಗೆ ಎಲ್ಲ ಕಳೆದು ಜೇಬಿಗೆ ಬೀಳುವುದು ಇನ್ನೊಂದು. ರೈತ ಈ ಲೆಕ್ಕವನ್ನು ಬೆರಳಲ್ಲೇ ಹಾಕುತ್ತಾನೆ. ಅದೇ ರೈತನ ಮಗಳು ನರಸಾಪುರದ ಕಾರ್ಖಾನೆಗೆ ಸೇರಿದರೆ, ಅವಳ ಪೇ ಸ್ಲಿಪ್ ಮಾತ್ರ ಮನೆಯಲ್ಲಿ ಯಾರಿಗೂ ಬಗೆಹರಿಯುವುದಿಲ್ಲ.

ನಾನು 14 ವರ್ಷದಿಂದ ಈ ಭಾಗದ ಕಾರ್ಖಾನೆಗಳಲ್ಲಿ ಎಚ್‌ಆರ್ ಕೆಲಸ ಮಾಡುತ್ತಿದ್ದೇನೆ. ಮೊದಲು ಮಾಲೂರು, ಆಮೇಲೆ ವೇಮಗಲ್, ಈಗ ನರಸಾಪುರ. ಸಂಬಳ ಎಷ್ಟು ಕೊಡಬೇಕು ಅನ್ನುವುದನ್ನು ನಾನು ನಿರ್ಧರಿಸುವುದಿಲ್ಲ. ಆದರೆ ಅದನ್ನು ಹೇಗೆ ಒಡೆಯಬೇಕು, ಯಾವ ಹೆಸರಲ್ಲಿ ಕೊಡಬೇಕು, ವರ್ಷಕ್ಕೊಮ್ಮೆ ಹೇಗೆ ಏರಿಸಬೇಕು ಅನ್ನುವುದರಲ್ಲಿ ನನ್ನ ಕೈ ಇದೆ. ಅದನ್ನು ಹೇಗೆ ಮಾಡುತ್ತೇವೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಟ ಒಂದೇ. ಕೆಲಸಗಾರ ತನ್ನ ಸಂಬಳವನ್ನು ತಾನೇ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ತಾಳೆ ನೋಡುವಂತಿರಬೇಕು.

2024ರಲ್ಲಿ ಮುಳಬಾಗಿಲು ಕಡೆಯ ಹುಡುಗಿಯೊಬ್ಬಳು ಮೊದಲ ತಿಂಗಳ ಸ್ಲಿಪ್ ಹಿಡಿದು ನನ್ನ ಟೇಬಲ್ ಮುಂದೆ ನಿಂತಳು.

"ಸಾರ್, ಸೇರುವಾಗ ಇಪ್ಪತ್ಮೂರು ಸಾವಿರ ಅಂದ್ರಿ. ಅಕೌಂಟಿಗೆ ಹದಿನಾರೂವರೆ ಬಂದೈತೆ. ಮಿಕ್ಕಿದ್ದು ಯಾರು ತಗೊಂಡ್ರು?"

"ಕೂತ್ಕೊಳಮ್ಮ," ಅಂದೆ. ಸ್ಲಿಪ್ ಹಿಂದೆಯೇ ಪೆನ್ನಿನಲ್ಲಿ ಬರೆದೆವು.

ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000. ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆ, 2,500. ಹಾಜರಾತಿ ಭತ್ಯೆ 1,000. ಒಟ್ಟು 18,500. ಇದನ್ನು ಗ್ರಾಸ್ ಅನ್ನುತ್ತಾರೆ. ಇದರಲ್ಲಿ ಅವಳ ಪಾಲಿನ ಪಿಎಫ್ (ಭವಿಷ್ಯನಿಧಿ) ಬೇಸಿಕ್-ಡಿಎ ಮೇಲೆ 12 ಪರ್ಸೆಂಟ್, 1,800 ಹೋಯಿತು. ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಗ್ರಾಸ್ ಮೇಲೆ 0.75 ಪರ್ಸೆಂಟ್, 139 ರೂಪಾಯಿ. ಪ್ರೊಫೆಷನಲ್ ಟ್ಯಾಕ್ಸ್ ಇಲ್ಲ, ನಮ್ಮ ರಾಜ್ಯದಲ್ಲಿ ಅದು 25,000 ಸಂಬಳದಿಂದ ಶುರು. ಉಳಿದದ್ದು 16,561. ಅಕೌಂಟಿಗೆ ಬಂದದ್ದು ಅಷ್ಟೇ.

ಹಾಗಾದರೆ 23 ಸಾವಿರ ಎಲ್ಲಿಂದ ಬಂತು? ಅದು ಸಿಟಿಸಿ. ಅಂದರೆ ಅವಳಿಗೋಸ್ಕರ ಕಂಪನಿಗೆ ತಿಂಗಳಿಗೆ ಬೀಳುವ ಒಟ್ಟು ಖರ್ಚು. ಗ್ರಾಸ್ 18,500ರ ಮೇಲೆ ಕಂಪನಿ ಪಾಲಿನ ಪಿಎಫ್ 1,800. ಪಿಎಫ್ ಆಡಳಿತ ಖರ್ಚು ಮತ್ತು ವಿಮೆ ಸೇರಿ 150. ಕಂಪನಿ ಪಾಲಿನ ಇಎಸ್‌ಐ 3.25 ಪರ್ಸೆಂಟ್, 602. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಕೊಡುವ ಇಡಿಗಂಟಿಗೆ, ಎತ್ತಿಡುವುದು 721. ವರ್ಷದ ಬೋನಸ್ಸನ್ನು 12 ತಿಂಗಳಿಗೆ ಹಂಚಿದರೆ 1,250. ಕೂಡಿಸಿದರೆ 23,023.

ಯಾರೂ ಕದ್ದಿಲ್ಲ. ಆದರೆ ಅವಳು ಕೇಳಿದ್ದರಲ್ಲಿ ತಪ್ಪೂ ಇಲ್ಲ. ಕೆಲಸಕ್ಕೆ ಕರೆಯುವಾಗ ಸಿಟಿಸಿ ಕೂಗುವುದು, ತಿಂಗಳ ಕೊನೆಗೆ ಕೈಸಂಬಳ ಕೊಡುವುದು ನಮ್ಮ ಕಡೆ ಬಹಳ ಕಾರ್ಖಾನೆಗಳ ಅಭ್ಯಾಸ. ಗ್ರಾಚ್ಯುಟಿಯನ್ನು ಸಿಟಿಸಿಯಲ್ಲಿ ಸೇರಿಸುವುದಂತೂ ನನಗೆ ಸರಿ ಕಾಣುವುದಿಲ್ಲ. ಖಾಯಂ ನೌಕರರು 5 ವರ್ಷ ತುಂಬುವ ಮೊದಲು ಬಿಟ್ಟರೆ ಆ 721 ಅವರಿಗೆ ಬರುವುದೇ ಇಲ್ಲ. ಬರುತ್ತದೋ ಇಲ್ಲವೋ ಗೊತ್ತಿಲ್ಲದ ದುಡ್ಡನ್ನು ಸಂಬಳ ಅಂತ ಹೇಗೆ ಹೇಳುವುದು? ಈಗ ನಾನು ಕೆಲಸಕ್ಕೆ ತೆಗೆದುಕೊಳ್ಳುವಾಗ ಒಂದು ಹಾಳೆ ಕೊಡುತ್ತೇನೆ. ಅದರಲ್ಲಿ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಕೈಗೆ ಬರುವ ಮೊತ್ತ. ಸಿಟಿಸಿ ಕೆಳಗೆ.

ಕಟ್ ಆದ ದುಡ್ಡು ಹೋಗುವ ಜಾಗವನ್ನೂ ನೋಡಬೇಕು. ಅವಳ 1,800 ಪೂರ್ತಿ ಪಿಎಫ್ ಖಾತೆಗೆ ಹೋಗುತ್ತದೆ. ಕಂಪನಿಯ 1,800 ಮಾತ್ರ ಎರಡಾಗಿ ಒಡೆಯುತ್ತದೆ. ಬೇಸಿಕ್-ಡಿಎಯ 8.33 ಪರ್ಸೆಂಟ್, ಅಂದರೆ 1,250 ಪಿಂಚಣಿ ಯೋಜನೆಗೆ. ಉಳಿದ 550 ಪಿಎಫ್ ಖಾತೆಗೆ. ಹಾಗಾಗಿ ಪಾಸ್‌ಬುಕ್‌ನಲ್ಲಿ ತಿಂಗಳಿಗೆ 3,600 ಕಾಣುವುದಿಲ್ಲ, 2,350 ಕಾಣುತ್ತದೆ. "ಕಂಪನಿ ಪಿಎಫ್ ನುಂಗ್ತಾ ಐತೆ" ಅನ್ನುವ ಜಗಳ ಮುಕ್ಕಾಲುಪಾಲು ಇಲ್ಲೇ ಹುಟ್ಟುವುದು. ಆ 150ರಲ್ಲಿ ಅರ್ಧ ಹೋಗುವ ವಿಮೆಯಂತೂ ಯಾರಿಗೂ ಗೊತ್ತೇ ಇರುವುದಿಲ್ಲ. ಕೆಲಸದಲ್ಲಿದ್ದಾಗಲೇ ತೀರಿಹೋದರೆ ಮನೆಯವರಿಗೆ 7 ಲಕ್ಷದವರೆಗೆ ಬರುವ ವಿಮೆ ಅದು. ಅದಕ್ಕೆ ಕೆಲಸಗಾರರಿಂದ ಒಂದು ಪೈಸೆ ಕಟ್ ಆಗುವುದಿಲ್ಲ.

ಇಎಸ್‌ಐ ಮೇಲೆ ನಮ್ಮವರ ಕೋಪ ಜಾಸ್ತಿ. ಡಿಸ್ಪೆನ್ಸರಿಯಲ್ಲಿ ಕ್ಯೂ, ಮಾತ್ರೆ ಇಲ್ಲ, ಇತ್ಯಾದಿ. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ 139 ರೂಪಾಯಿಗೆ ಇಡೀ ಕುಟುಂಬಕ್ಕೆ ಚಿಕಿತ್ಸೆ, ಹುಷಾರು ತಪ್ಪಿದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ 70 ಪರ್ಸೆಂಟ್, ಹೆರಿಗೆಗೆ 26 ವಾರ ಪೂರ್ತಿ ಕೂಲಿ. ಯಾವ ಖಾಸಗಿ ಪಾಲಿಸಿಯೂ ಈ ರೇಟಿಗೆ ಸಿಗುವುದಿಲ್ಲ.

ಒಡೆಯುವುದರಲ್ಲೇ ಇದೆ ಗುಟ್ಟು

ಒಂದೇ ಸಂಬಳವನ್ನು ಎರಡು ರೀತಿ ಒಡೆಯಬಹುದು. 40,000 ಸಂಬಳದ ಮೇಂಟೆನೆನ್ಸ್ ಇಂಜಿನಿಯರ್ ಒಬ್ಬರಿದ್ದಾರೆ ಅನ್ನೋಣ. ಒಂದು ಕಂಪನಿ ಬೇಸಿಕ್ 12,000 ಅಂತ ಇಡುತ್ತದೆ. ಉಳಿದ 28,000ಕ್ಕೆ ಸ್ಪೆಷಲ್ ಅಲೋವೆನ್ಸ್, ಕನ್ವೇಯನ್ಸ್, ಅದು ಇದು ಅಂತ ಹೆಸರು. ಇನ್ನೊಂದು ಕಂಪನಿ ಬೇಸಿಕ್ 20,000 ಇಡುತ್ತದೆ. ತಿಂಗಳ ಕೊನೆಗೆ ಮೊದಲನೆಯವರ ಕೈಗೇ ಸ್ವಲ್ಪ ಹೆಚ್ಚು ಬರುತ್ತದೆ, ಪಿಎಫ್ ಕಡಿಮೆ ಕಟ್ ಆಗುವುದರಿಂದ. ಅವರಿಗೂ ಖುಷಿ, ಕಂಪನಿಗೂ ಖುಷಿ.

8 ವರ್ಷ ಆದಮೇಲೆ ಇಬ್ಬರೂ ಕೆಲಸ ಬಿಡುತ್ತಾರೆ. ಗ್ರಾಚ್ಯುಟಿ ಲೆಕ್ಕ ಸುಲಭ. ಕೊನೆಯ ಬೇಸಿಕ್-ಡಿಎಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷವೋ ಅಷ್ಟರಿಂದ ಗುಣಿಸುವುದು. ಬೇಸಿಕ್ ಬದಲಾಗಿಲ್ಲ ಅಂತಿಟ್ಟುಕೊಂಡರೆ ಮೊದಲನೆಯವರಿಗೆ 55,385. ಎರಡನೆಯವರಿಗೆ 92,308. ಸಂಬಳ ಒಂದೇ, ಕೆಲಸ ಒಂದೇ. ಬರೆದ ಹೆಸರು ಮಾತ್ರ ಬೇರೆ.

ಈ ಚಾಲಾಕಿಗೆ ಕಡಿವಾಣ ಎರಡು ಸಲ ಬಿತ್ತು. 2019ರ ಫೆಬ್ರುವರಿ 28ರಂದು ಸುಪ್ರೀಂ ಕೋರ್ಟ್, ಎಲ್ಲರಿಗೂ ಒಂದೇ ಸಮ ಕೊಡುವ ಭತ್ಯೆಗಳನ್ನು ಪಿಎಫ್ ಲೆಕ್ಕದಿಂದ ಹೊರಗಿಡುವ ಹಾಗಿಲ್ಲ ಎಂದಿತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳ ಪ್ರಕಾರ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ ಭಾಗ ವೇತನಕ್ಕೇ ಸೇರುತ್ತದೆ. ಮೇಲಿನ ಮುಳಬಾಗಿಲು ಹುಡುಗಿಯ ಸ್ಲಿಪ್ ಇದಕ್ಕಿಂತ ಹಿಂದಿನದು. ಅವಳ ಸಂಬಳದಲ್ಲಿ ಬೇಸಿಕ್-ಡಿಎಯೇ ಅರ್ಧಕ್ಕಿಂತ ಎಷ್ಟೋ ಹೆಚ್ಚಿದೆ. ಆ ಮೊದಲ ಇಂಜಿನಿಯರ್ ಕಂಪನಿ ಮಾತ್ರ ಲೆಕ್ಕವನ್ನು ಮತ್ತೆ ಹಾಕಬೇಕು.

ಇನ್ನೊಂದು ಸಣ್ಣ ವಿಷಯ, ಆದರೆ ಇದರಷ್ಟು ಹೊಟ್ಟೆ ಉರಿಸುವುದು ಬೇರೊಂದಿಲ್ಲ. ದಿನದ ಕೂಲಿ ತೆಗೆಯಲು 26ರಿಂದ ಭಾಗಿಸಬೇಕೋ 30ರಿಂದಲೋ? 18,500ನ್ನು 26ರಿಂದ ಭಾಗಿಸಿದರೆ 712. 30ರಿಂದ ಆದರೆ 617. ನಾನು ಹಿಂದೆ ಇದ್ದ ಒಂದು ಕಾರ್ಖಾನೆಯಲ್ಲಿ ರಜೆಗೆ ಸಂಬಳ ಕಟ್ ಮಾಡುವಾಗ 26, ಓಟಿ (ಹೆಚ್ಚುವರಿ ಗಂಟೆಯ ಕೆಲಸ) ಲೆಕ್ಕ ಹಾಕುವಾಗ 30! ಯಾರೋ ಬೇಕಂತ ಮಾಡಿದ್ದಲ್ಲ. ಎರಡು ಬೇರೆ ಬೇರೆ ವರ್ಷ, ಇಬ್ಬರು ಬೇರೆ ಬೇರೆ ಜನ ಎಕ್ಸೆಲ್ ಮಾಡಿದ್ದರು. ಡೈ ಕಾಸ್ಟಿಂಗ್ ವಿಭಾಗದ ಒಬ್ಬರು ಕ್ಯಾಲೆಂಡರ್ ಹಿಂದೆ ಆರು ತಿಂಗಳ ಲೆಕ್ಕ ಬರೆದು ತಂದು ತೋರಿಸಿದಾಗ ಮೇಲಿನವರ ಮುಖ ನೋಡಬೇಕಿತ್ತು.

ಓಟಿಗೆ ಡಬಲ್ ಕೂಲಿ ಅನ್ನುವುದು 1948ರ ಫ್ಯಾಕ್ಟರಿ ಕಾಯ್ದೆಯ ಕಾಲದಿಂದ ಬಂದ ನಿಯಮ. ಬರೀ ಬೇಸಿಕ್-ಡಿಎ 15,000 ಹಿಡಿದರೂ, 26 ದಿನ, ದಿನಕ್ಕೆ 8 ಗಂಟೆಯ ಲೆಕ್ಕದಲ್ಲಿ ಗಂಟೆಗೆ 72, ಡಬಲ್ ಅಂದರೆ 144. ಎರಡು ಗಂಟೆ ಹೆಚ್ಚು ನಿಂತರೆ 288. ಇದು ದಯೆಯಿಂದ ಕೊಡುವ ದುಡ್ಡಲ್ಲ, ಕಂಪನಿ ಸಾಲ.

ಗಂಟೆ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ನರಸಾಪುರದವರಿಗೆ ಹೇಳಬೇಕಾಗಿಲ್ಲ. 2020ರ ಡಿಸೆಂಬರ್ 12ರ ಬೆಳಗ್ಗೆ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದ ಗಲಾಟೆ ದೇಶಕ್ಕೆಲ್ಲ ಸುದ್ದಿಯಾಯಿತು. ಕೆಲಸಗಾರರಲ್ಲಿ ಬಹಳ ಮಂದಿ ಕಂಟ್ರಾಕ್ಟ್ ಏಜೆನ್ಸಿಗಳ ಮೂಲಕ ಬಂದವರು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಆಗಿಲ್ಲ ಅಂತ ಆಮೇಲೆ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಕೆಲಸದ ಗಂಟೆಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಸರಿ ಇರಲಿಲ್ಲ, ಅದರಿಂದ ಅಕ್ಟೋಬರ್, ನವೆಂಬರ್ ಸಂಬಳ ಕೆಲವರಿಗೆ ತಡವಾಯಿತು ಅಂತ ಆಪಲ್ ಹೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಕೈಗೆ ಬಂತು. ಕಲ್ಲು ಹೊಡೆದದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಸಾವಿರಾರು ಜನರನ್ನು ಬೇಗ ಬೇಗ ಸೇರಿಸಿಕೊಂಡು, ಹಾಜರಾತಿ ಮತ್ತು ಸಂಬಳದ ಲೆಕ್ಕ ನೋಡುವ ಜನರನ್ನು ಮಾತ್ರ ಹೆಚ್ಚಿಸದಿದ್ದರೆ ಏನಾಗುತ್ತದೆ ಅಂತ ಆ ವಾರ ಈ ಭಾಗದ ಪ್ರತಿಯೊಬ್ಬ ಎಚ್‌ಆರ್‌ಗೂ ಹೊಳೆದಿತ್ತು.

ಹಾಜರಾತಿ ಭತ್ಯೆಯ ಕಥೆಯೂ ತಮಾಷೆಯದು. ತಿಂಗಳಲ್ಲಿ ಒಂದು ದಿನವೂ ತಪ್ಪಿಸದಿದ್ದರೆ 1,000. ಒಂದು ದಿನ ತಪ್ಪಿದರೆ ಸೊನ್ನೆ. ಇದನ್ನು ಮಾಡಿದವರು ಜನ ರಜೆ ಹಾಕುವುದು ಕಡಿಮೆಯಾಗುತ್ತದೆ ಅಂದುಕೊಂಡಿದ್ದರು. ಆದದ್ದು ಬೇರೆ. ಊರಲ್ಲಿ ಜಾತ್ರೆ ಅಂತ ಒಂದು ದಿನ ತಪ್ಪಿಸಿದವನು, ಸಾವಿರ ಹೇಗೂ ಹೋಯಿತಲ್ಲ ಅಂತ ಹೊಸ ತೊಡಕಿಗೂ ಬರಲಿಲ್ಲ, ಊರಲ್ಲೇ ನಿಂತ. ಈಗ ಮೆಟ್ಟಿಲು ಮಾಡಿದ್ದೇವೆ. ಪೂರ್ತಿ ಬಂದರೆ 1,000, ಒಂದು ದಿನ ತಪ್ಪಿದರೆ 700, ಎರಡಾದರೆ 400. ಸುಮ್ನೆ ನಿಯಮ ಮಾಡುವ ಮೊದಲು, ಆ ನಿಯಮವನ್ನು ಮುರಿದ ಮಾರನೆಯ ದಿನ ಆ ಮನುಷ್ಯ ಏನು ಯೋಚಿಸುತ್ತಾನೆ ಅಂತ ನೋಡಬೇಕು.

ಹಳಬರು, ಹೊಸಬರು

ನಮ್ಮ ರಾಜ್ಯದಲ್ಲಿ ಕನಿಷ್ಠ ಕೂಲಿಯ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಏರುತ್ತದೆ. ಬೆಲೆ ಏರಿದಂತೆ ಅದೂ ಏರಲೇಬೇಕು. ಅದರಿಂದ ಹುಟ್ಟುವ ತೊಡಕು ಮಾತ್ರ ಹೊರಗಿನವರಿಗೆ ಕಾಣುವುದಿಲ್ಲ. ಹೊಸದಾಗಿ ಸೇರುವವರ ಸಂಬಳ ಪ್ರತಿ ಏಪ್ರಿಲ್‌ನಲ್ಲಿ ತಾನಾಗಿ ಮೇಲೇರುತ್ತದೆ. 6 ವರ್ಷದಿಂದ ಇರುವವರ ಇನ್‌ಕ್ರಿಮೆಂಟ್ ಅಷ್ಟು ಓಡುವುದಿಲ್ಲ. ಒಂದು ದಿನ ನೋಡಿದರೆ ಹಳಬರಿಗೆ 19,000, ನಿನ್ನೆ ಸೇರಿದವರಿಗೆ 18,500. ಆರು ವರ್ಷದ ಅನುಭವಕ್ಕೆ 500 ರೂಪಾಯಿ! ಹೊಸಬರಿಗೆ ಮೆಷಿನ್ ಕಲಿಸುವವರು ಹಳಬರೇ. ಅವರಿಗೆ ಕಲಿಸುವ ಮನಸ್ಸು ಎಲ್ಲಿಂದ ಬರಬೇಕು?

ಇದಕ್ಕೆ ಮದ್ದು ಗ್ರೇಡು. ಮೊದಲು ಮನುಷ್ಯರನ್ನು ಮರೆತು ಕೆಲಸಗಳನ್ನು ತೂಗಬೇಕು. ಎಷ್ಟು ಕೌಶಲ ಬೇಕು, ಎಷ್ಟು ಶ್ರಮ, ತಪ್ಪಿದರೆ ಎಷ್ಟು ನಷ್ಟ, ಜಾಗ ಎಂಥದ್ದು, ಬಿಸಿಯೋ ಗದ್ದಲವೋ. ಇದನ್ನು ನಿಜವಾಗಿ ಕೂತು ಮಾಡಿದರೆ ಮುಜುಗರ ಕೊಡುವ ಸಂಗತಿಗಳು ಹೊರಬರುತ್ತವೆ. ನಮ್ಮಲ್ಲಿ ಮಾಲು ಎತ್ತಿಡುವ ಗಂಡಸರಿಗೆ, ಸೂಕ್ಷ್ಮ ಜೋಡಣೆ ಮಾಡುವ ಹೆಣ್ಣುಮಕ್ಕಳಿಗಿಂತ ಹೆಚ್ಚು ಸಂಬಳವಿತ್ತು. ಅಂಕ ಹಾಕಿ ನೋಡಿದರೆ ಜೋಡಣೆಯೇ ಮೇಲೆ ನಿಂತಿತು. ಸಮಾನ ಕೆಲಸಕ್ಕೆ ಸಮಾನ ವೇತನ ಅಂತ ಕಾಯ್ದೆ ಬಂದದ್ದು 1976ರಲ್ಲಿ. ನಮ್ಮ ಶೀಟು ತಿದ್ದಿದ್ದು ಮೊನ್ನೆ ಮೊನ್ನೆ. ಗ್ರೇಡು ಆದಮೇಲೆ ಒಂದೊಂದಕ್ಕೂ ತಳ ಮತ್ತು ತುದಿ ಇಟ್ಟು, ಕನಿಷ್ಠ ಕೂಲಿ ಏರಿದಾಗಲೆಲ್ಲ ಮೇಲಿನ ಗ್ರೇಡುಗಳ ತಳವನ್ನೂ ಅಷ್ಟೇ ರೂಪಾಯಿ ಎತ್ತುತ್ತೇವೆ. ಖರ್ಚು ಆಗುತ್ತದೆ. ಹಳಬರು ಹೋದರೆ ಆಗುವುದಕ್ಕಿಂತ ಕಡಿಮೆ.

ಸಂಬಳ ಏರಿಸುವಾಗ ತಾರೀಕು ನೋಡುವ ಅಭ್ಯಾಸವನ್ನೂ ಮಾಡಿಕೊಂಡಿದ್ದೇನೆ. ಇಎಸ್‌ಐ ಮಿತಿ 21,000. ಅದಕ್ಕೆ ದುಡ್ಡು ಕಟ್ಟುವ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. 20,800 ಇರುವವರಿಗೆ ಏಪ್ರಿಲ್ 1ರಿಂದಲೇ 21,500 ಮಾಡಿದರೆ, ಆವತ್ತಿನಿಂದಲೇ ಇಎಸ್‌ಐ ಕಟ್ಟುವುದು ನಿಲ್ಲುತ್ತದೆ. ಮೇ 1ರಿಂದ ಮಾಡಿದರೆ ಸೆಪ್ಟೆಂಬರ್ ತನಕ ಮುಂದುವರಿಯುತ್ತದೆ. 700 ರೂಪಾಯಿ ಏರಿಸಿ, ಮನೆಯಲ್ಲಿ ಡಯಾಲಿಸಿಸ್ ಮಾಡಿಸುವ ಅಪ್ಪ ಇದ್ದವರಿಗೆ ಮುಂದೆ ಸಿಗಬೇಕಾದ ಚಿಕಿತ್ಸೆ ತಪ್ಪಿಸಿದರೆ ಅದು ಏರಿಕೆಯಾ? ಮಿತಿ ದಾಟಿಸುವ ಮೊದಲು ಗುಂಪು ಆರೋಗ್ಯ ವಿಮೆ ಮಾಡಿಸಿರಬೇಕು. ಅದು ಆಗದಿದ್ದರೆ ಒಂದು ತಿಂಗಳು ತಡೆದು, ಆ ತಿಂಗಳ ವ್ಯತ್ಯಾಸವನ್ನು ಆಮೇಲೆ ಬೇರೆ ರೀತಿ ಸರಿದೂಗಿಸಬೇಕು. ಅದನ್ನೂ ಅವರನ್ನು ಕೇಳಿಯೇ ಮಾಡಬೇಕು.

ಅಪ್ರೈಸಲ್ ಎಂಬ ಮಾರ್ಚ್ ತಿಂಗಳ ಜ್ವರ

ಒಂದರಿಂದ ಐದರವರೆಗೆ ಅಂಕ ಕೊಡಿ ಅಂದರೆ ಸೂಪರ್‌ವೈಸರ್ ಏನು ಮಾಡುತ್ತಾನೆ? ಎಲ್ಲರಿಗೂ 4 ಹಾಕುತ್ತಾನೆ. ನಾಳೆ ಅದೇ ಲೈನಲ್ಲಿ ಅದೇ ಜನರಿಂದ ಕೆಲಸ ತೆಗೆಯಬೇಕಲ್ಲ, ಪಾಪ. ಆಗ ಆಫೀಸಿನವರು ಬೆಲ್ ಕರ್ವ್ ಹಿಡಿದು ಬರುತ್ತಾರೆ. ಇಷ್ಟು ಜನ ಮೇಲೆ, ಇಷ್ಟು ಜನ ನಡುವೆ, ಇಷ್ಟು ಜನ ಕೆಳಗೆ ಇರಲೇಬೇಕು ಅನ್ನುವ ಲೆಕ್ಕ. ಜನರಲ್ ಎಲೆಕ್ಟ್ರಿಕ್‌ನ ಜಾಕ್ ವೆಲ್ಚ್ 20, 70, 10 ಅಂತ ಇದನ್ನು ಹೆಸರುವಾಸಿ ಮಾಡಿದರು. ಮೈಕ್ರೋಸಾಫ್ಟ್ ಈ ಪದ್ಧತಿಯನ್ನು 2013ರಲ್ಲೇ ಕೈಬಿಟ್ಟಿತು. ನಮ್ಮ ಕಡೆ ಇನ್ನೂ ಬಿಟ್ಟಿಲ್ಲದವರು ಇದ್ದಾರೆ. ಎಂಟೇ ಜನರ ತಂಡದಲ್ಲಿ ಎಂಟೂ ಜನ ಚೆನ್ನಾಗಿ ಮಾಡಿದರೂ ಒಬ್ಬರು ಕೆಳಗೆ ಬೀಳಲೇಬೇಕು. ಆ ಒಬ್ಬರು ಸಾಮಾನ್ಯವಾಗಿ ಯಾರು ಗೊತ್ತಾ? ಜಗಳ ಆಡದವರು.

ಇನ್ನೊಂದು ರೋಗ ಮರೆವು. ಜೂನ್‌ನಲ್ಲಿ ಒಬ್ಬಾಕೆ ತಪ್ಪನ್ನು ಕಣ್ಣಲ್ಲೇ ಹಿಡಿದು, ಒಂದು ಇಡೀ ಲಾಟ್ ರಿಜೆಕ್ಟ್ ಆಗುವುದನ್ನು ತಪ್ಪಿಸಿದ್ದಳು. ಫೆಬ್ರುವರಿಯಲ್ಲಿ ಮಗುವಿಗೆ ಜ್ವರ ಅಂತ ಒಂದು ವಾರ ತಡವಾಗಿ ಬಂದಳು. ಮಾರ್ಚ್‌ನಲ್ಲಿ ಫಾರ್ಮ್ ತುಂಬುವವನಿಗೆ ನೆನಪಿದ್ದದ್ದು ಫೆಬ್ರುವರಿ ಮಾತ್ರ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ. ಪ್ರತಿ ಲೈನ್ ಲೀಡರ್‌ಗೂ ಒಂದು 40 ಪೇಜಿನ ನೋಟ್‌ಬುಕ್ ಕೊಟ್ಟೆವು. ತಿಂಗಳಿಗೆ ಒಬ್ಬೊಬ್ಬರ ಬಗ್ಗೆ ಎರಡು ಸಾಲು ಬರೆಯಬೇಕು. ನಡೆದ ಸಂಗತಿ ಮಾತ್ರ, ಅಭಿಪ್ರಾಯ ಬೇಡ. "ಸೋಮಾರಿ" ಅಂತ ಬರೆಯುವ ಹಾಗಿಲ್ಲ.

ದುಡ್ಡು ಹಂಚುವುದು ಹೀಗೆ. ತಲಾ 18,500ರ 100 ಜನ ಇದ್ದಾರೆ, 6 ಪರ್ಸೆಂಟ್ ಏರಿಸಲು ಒಪ್ಪಿಗೆ ಸಿಕ್ಕಿದೆ ಅನ್ನೋಣ. ತಿಂಗಳಿಗೆ 1,11,000 ಕೈಯಲ್ಲಿದೆ. ಎಲ್ಲರಿಗೂ ಸಮ ಹಂಚಿದರೆ ಚೆನ್ನಾಗಿ ಮಾಡುವವರು ಪಕ್ಕದ ಕಾರ್ಖಾನೆಗೆ ಹೋಗುತ್ತಾರೆ. ನಾಲ್ಕು ಜನರಿಗೇ ಸುರಿದರೆ ಉಳಿದವರ ಕೈ ನಿಧಾನವಾಗುತ್ತದೆ. ಲೈನ್ ಕೆಲಸ ಒಬ್ಬರದ್ದಲ್ಲ ಅಲ್ವಾ? ಹಾಗಾಗಿ ಎಲ್ಲರಿಗೂ 700, ಅದು 70,000. ಮಿಕ್ಕ 41,000 ಹೊಸ ಕೌಶಲ ಕಲಿತ 41 ಜನರಿಗೆ ಸಾವಿರದಂತೆ. ಕಲಿತದ್ದನ್ನು ತೋರಿಸಲು ಗೋಡೆ ಮೇಲೆ ಚಾರ್ಟ್ ಇದೆ. ಒಬ್ಬೊಬ್ಬರ ಹೆಸರಿನ ಮುಂದೆ ನಾಲ್ಕು ಭಾಗದ ವೃತ್ತ. ಕಲಿಯುತ್ತಿದ್ದರೆ ಕಾಲು ಭಾಗ ಬಣ್ಣ, ಬೇರೆಯವರು ನೋಡಿಕೊಂಡರೆ ಮಾಡಬಲ್ಲರು ಅಂದರೆ ಅರ್ಧ, ಒಬ್ಬರೇ ಮಾಡಿದರೆ ಮುಕ್ಕಾಲು, ಇನ್ನೊಬ್ಬರಿಗೆ ಕಲಿಸಿದರೆ ಪೂರ್ತಿ. ಎಲ್ಲರ ಕಣ್ಣ ಮುಂದೆಯೇ ಇರುವುದರಿಂದ ಮೋಸ ಕಷ್ಟ.

ಮಾತು ಮತ್ತು ದುಡ್ಡನ್ನು ಒಂದೇ ದಿನ ಇಡಬೇಡಿ. ಎಷ್ಟು ಏರಿತು ಅಂತ ಮೊದಲೇ ಹೇಳಿದರೆ ಆಮೇಲೆ ಹೇಳಿದ್ದೊಂದೂ ಕಿವಿಗೆ ಬೀಳುವುದಿಲ್ಲ. ಫೆಬ್ರುವರಿಯಲ್ಲಿ ಕೆಲಸದ ಮಾತು, ಏಪ್ರಿಲ್‌ನಲ್ಲಿ ಲೆಟರ್. ಫಾರ್ಮ್ ಕನ್ನಡದಲ್ಲಿ. ಮಾತು ಅವರ ಭಾಷೆಯಲ್ಲಿ. ನಮ್ಮ ಕಡೆ ಅರ್ಧ ಮಾತು ತೆಲುಗಿನಲ್ಲೇ ಮುಗಿಯುತ್ತದೆ, ಮುಗಿಯಲಿ.

ಸವಲತ್ತುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 250ಕ್ಕಿಂತ ಹೆಚ್ಚು ಜನ ಇದ್ದರೆ ಕ್ಯಾಂಟೀನ್ ಇಡಲೇಬೇಕು ಅಂತ ಫ್ಯಾಕ್ಟರಿ ಕಾಯ್ದೆಯಲ್ಲೇ ಇತ್ತು. ಶ್ರೀನಿವಾಸಪುರದಿಂದ ಬೆಳಗಿನ ಜಾವ ಹೊರಡುವ ಬಸ್ಸಿನಲ್ಲಿ ಸೀಟು ಸಿಗುತ್ತದಾ, ಮುದ್ದೆ ಬಿಸಿಯಾಗಿರುತ್ತದಾ, ಆಯುಧಪೂಜೆಗೆ ಸ್ವೀಟ್ ಬಾಕ್ಸ್ ಅರ್ಧ ಕೆಜಿಯಾ ಒಂದು ಕೆಜಿಯಾ. ಜನ ಮನೆಯಲ್ಲಿ ಹೇಳಿಕೊಳ್ಳುವುದು ಇವನ್ನೇ. ಗ್ರಾಚ್ಯುಟಿ ಬಗ್ಗೆ ಯಾರೂ ಹೇಳಿಕೊಳ್ಳುವುದಿಲ್ಲ.

ಬಂಗಾರಪೇಟೆ ಕಡೆಯ ಹುಡುಗನೊಬ್ಬ, ಕ್ವಾಲಿಟಿ ವಿಭಾಗ, ಒಂದು ಸಂಜೆ ರಾಜೀನಾಮೆ ತಂದ. ಖಾಯಂ ನೌಕರ, 4 ವರ್ಷ 2 ತಿಂಗಳು ಆಗಿತ್ತು. ಪಕ್ಕದವರು 1,500 ಜಾಸ್ತಿ ಕೊಡುತ್ತಾರಂತೆ. ನಾನು ತಡೆಯಲಿಲ್ಲ. ಹೊಸ ಕಂಪನಿಯಲ್ಲಿ ಇದೇ ಯುಎಎನ್, ಅಂದರೆ ಪಿಎಫ್‌ನ ಖಾಯಂ ನಂಬರ್ ಕೊಡು, ಪಿಎಫ್ ಬಿಡಿಸಿಕೊಳ್ಳಬೇಡ, ವರ್ಗಾಯಿಸು, ಪಿಂಚಣಿಗೆ ಒಟ್ಟು 10 ವರ್ಷ ಸೇವೆ ಬೇಕು ಅಂದೆ. ಆಮೇಲೆ ಗ್ರಾಚ್ಯುಟಿ ಲೆಕ್ಕ ಹೇಗೆ ಹಾಕುವುದು ಅಂತ ಹೇಳಿ ಸುಮ್ಮನಾದೆ. ಅವನು ಮೊಬೈಲ್ ತೆಗೆದ. ಹತ್ತು ತಿಂಗಳಿಗೆ 1,500ರಂತೆ 15,000. ಹತ್ತು ತಿಂಗಳು ಇಲ್ಲೇ ಇದ್ದರೆ 15,000 ಬೇಸಿಕ್ಕಿಗೆ 5 ವರ್ಷದ ಗ್ರಾಚ್ಯುಟಿ 43,269. ಎರಡು ಸಲ ಹಾಕಿ ನೋಡಿದ. ಪತ್ರ ಮಡಚಿ ಜೇಬಿಗೆ ಹಾಕಿಕೊಂಡು, "ಮುಂದಿನ ವರ್ಷ ತರ್ತೀನಿ ಸಾರ್" ಅಂದ.